ಇರುವೆ ಮುತ್ತುವ ಮೊದಲು

ಎರಡನೇ ಬಗೆಯ ಸಕ್ಕರೆ ಕಾಯಿಲೆ ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಮೈಯೊಳಗೆ ಬೇರು ಬಿಟ್ಟಿರುತ್ತದೆ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾದ ಯು.ಕೆ.ಪಿ.ಡಿ.ಎಸ್. ಎಂಬ ದೀರ್ಘ ಅಧ್ಯಯನ ಹೊಸದಾಗಿ ಕಾಯಿಲೆ ಪತ್ತೆಯಾದ ಸಾವಿರಾರು ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಕಸುವು ಪತ್ತೆಯಾದ ದಿನವೇ ಸುಮಾರು ಅರ್ಧಕ್ಕೆ ಇಳಿದಿತ್ತು. ಆಮೇಲಿನ ವರ್ಷಗಳಲ್ಲಿ ಅದು ಇಳಿಯುತ್ತ ಹೋದ ಗೆರೆಯನ್ನು ಹಿಂದಕ್ಕೆ ಎಳೆದು ನೋಡಿದರೆ ಕುಸಿತದ ಆರಂಭ ಹತ್ತು ಹನ್ನೆರಡು ವರ್ಷ ಹಿಂದೆ ಹೋಗಿ ನಿಲ್ಲುತ್ತದೆ. ನಲವತ್ತೆಂಟರಲ್ಲಿ ಸಿಕ್ಕಿಬಿದ್ದ ಕಾಯಿಲೆ ಮೂವತ್ತೇಳು ಮೂವತ್ತೆಂಟರಲ್ಲೇ ಕೆಲಸ ಹಚ್ಚಿಕೊಂಡಿತ್ತು ಎಂದಾಯಿತು. ನಲವತ್ತು ದಾಟಿದವರಲ್ಲಿ ಆಗಾಗ ‘ನಂಗೂ ಶುಗರ್ ಬಂದಿರಬಹುದಾ’ ಎಂದು ಏಳುವ ಅಳುಕಿಗೆ ಹೀಗೆ ಆಧಾರವಿದೆ. ಆ ಅಳುಕು ಗುರುತು ಹುಡುಕುವ ಜಾಗ ಮಾತ್ರ ಬಹಳ ಸಲ ತಪ್ಪಾಗಿರುತ್ತದೆ.

ಕಾಫಿ ಸೀಮೆಯ ಹಿರಿಯರ ಪ್ರಕಾರ ಸಕ್ಕರೆ ಕಾಯಿಲೆಗೆ ಒಂದೇ ಪರೀಕ್ಷೆ: ಕಣದ ಅಂಚಿನಲ್ಲೋ ಬೇಲಿ ಪಕ್ಕದಲ್ಲೋ ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತುತ್ತವೆಯೇ ನೋಡುವುದು. ಚರಕ, ಸುಶ್ರುತ ಸಂಹಿತೆಗಳ ಕಾಲಕ್ಕೇ ವೈದ್ಯರು ಗಮನಿಸಿದ್ದ ಸಂಗತಿ ಇದು. ಮಧುಮೇಹ ಎಂಬ ಹೆಸರಿನಲ್ಲೇ ಮೂತ್ರವೂ ಇದೆ, ಜೇನೂ ಇದೆ. ಹುಟ್ಟಿನಿಂದ ಬರುವ ಪ್ರಮೇಹ ಬೇರೆ, ತಪ್ಪು ಆಹಾರ ವಿಹಾರದಿಂದ ಬರುವುದು ಬೇರೆ ಎಂದೂ ಸುಶ್ರುತ ವಿಂಗಡಿಸಿದ್ದ. ಇರುವೆಯ ಸಾಕ್ಷಿ ಸುಳ್ಳಲ್ಲ, ಆದರೆ ತೀರಾ ತಡವಾಗಿ ಬರುವ ಸಾಕ್ಷಿ. ಮೂತ್ರಪಿಂಡಗಳು ಸೋಸುವಾಗ ಸಿಕ್ಕಿದ ಗ್ಲುಕೋಸನ್ನೆಲ್ಲ ಮತ್ತೆ ರಕ್ತಕ್ಕೇ ಹಿಂದಿರುಗಿಸುತ್ತವೆ. ರಕ್ತದಲ್ಲಿ ಅದರ ಮಟ್ಟ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲೆ ಮಾತ್ರ ಅವುಗಳ ಕೈ ಸೋತು, ಮೂತ್ರಕ್ಕೆ ಸಿಹಿ ಸೋರುತ್ತದೆ. ಖಾಲಿ ಹೊಟ್ಟೆಯಲ್ಲಿ 126 ಇದ್ದರೇ ಅದು ಸಕ್ಕರೆ ಕಾಯಿಲೆ. 126ರಿಂದ 180ರವರೆಗಿನ ದಾರಿಯಲ್ಲಿ ಇರುವೆಗಳಿಗೆ ಬಹುಮಟ್ಟಿಗೆ ಸುದ್ದಿಯೇ ಇರುವುದಿಲ್ಲ. ಪದೇ ಪದೇ ಮೂತ್ರ, ಬಾಯಾರಿಕೆ, ಕಾರಣವಿಲ್ಲದೆ ಸೊರಗುವುದು, ಎಲ್ಲ ಆ ಸೋರಿಕೆಯಿಂದಲೇ ಹುಟ್ಟುವ ಲಕ್ಷಣಗಳು. ಅವೂ ಇರುವೆಗಳ ಜೊತೆಗೇ ಬರುತ್ತವೆ.

ಮಲೆನಾಡಿನವರಿಗೆ ಇಂಥ ಸದ್ದಿಲ್ಲದ ಕಾಯಿಲೆಯ ಅಭ್ಯಾಸ ಕಡಿಮೆ. ಇಲ್ಲಿ ಕಾಯಿಲೆ ಎಂದರೆ ಚಳಿಜ್ವರವಾಗಿತ್ತು. ಹಲ್ಲು ಕಟಕಟಿಸುವ ನಡುಕ, ಕಂಬಳಿಯ ಮೇಲೆ ಕಂಬಳಿ, ಹೊಟ್ಟೆಯ ಎಡಗಡೆ ಕೈಗೆ ಸಿಗುವ ಜ್ವರಗಡ್ಡೆ. ಮಲೇರಿಯಾ ಬಂದರೆ ಊರಿಗೇ ಗೊತ್ತಾಗುತ್ತಿತ್ತು. 1953ರಲ್ಲಿ ಶುರುವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದ ಡಿಡಿಟಿ ಸಿಂಪಡಣೆ ಆ ಕಾಟವನ್ನು ಬಹುಮಟ್ಟಿಗೆ ಇಳಿಸಿತು. ಆಮೇಲೆ ಬಂದ ಕಾಯಿಲೆಗೆ ನಡುಕವಿಲ್ಲ, ಗಡ್ಡೆಯಿಲ್ಲ, ಹಾಸಿಗೆ ಹಿಡಿಸುವ ಹಟವೂ ಇಲ್ಲ. ‘ಆರಾಮಿದೀನಿ’ ಎನ್ನುವವರ ಮೈಯಲ್ಲೇ ಅದು ಆರಾಮವಾಗಿರುತ್ತದೆ.

ಆಲ್ದೂರು ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿನ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಹೋಬಳಿ ಊರು. ಸುತ್ತ ಕಾಫಿ, ಮೆಣಸು, ತಗ್ಗಿನಲ್ಲಿ ಅಲ್ಲಲ್ಲಿ ಗದ್ದೆ. ಇಂಥ ಊರಿನಲ್ಲಿ ಹತ್ತೆಕರೆ ತೋಟವಿರುವ, ನಲವತ್ತೈದರ ಒಬ್ಬ ಬೆಳೆಗಾರನ ದಿನವನ್ನು ಊಹಿಸಿಕೊಳ್ಳಬಹುದು. ಆತನ ಅಜ್ಜ ಬೆಳಗಿನ ಗಂಜಿ ಕುಡಿದು ತೋಟ ಇಳಿದರೆ ಏರುಜಾಗ ಇಳಿಜಾಗ ಹತ್ತಿಳಿದು ಮಧ್ಯಾಹ್ನಕ್ಕೆ ಮನೆ ಸೇರುತ್ತಿದ್ದ. ಸಂತೆಗೆ ಹೋಗುವುದೂ ನಡೆದೇ. ಈಗ ತೋಟದೊಳಗಿನ ರಸ್ತೆಯಲ್ಲಿ ಬೈಕು ಹೋಗುತ್ತದೆ, ದೊಡ್ಡ ತೋಟವಾದರೆ ಜೀಪು. ಮರಗಸಿ, ಗಿಡಕಸಿ, ಕಳೆ, ಗೊಬ್ಬರ ಎಲ್ಲಕ್ಕೂ ಆಳುಗಳಿದ್ದಾರೆ, ಕಳೆ ಹೊಡೆಯಲು ಯಂತ್ರವಿದೆ. ಯಜಮಾನನ ಪಾಲಿಗೆ ಉಳಿದದ್ದು ನಿಂತು ನೋಡುವುದು, ಫೋನಿನಲ್ಲಿ ಮಾತಾಡುವುದು, ಬ್ಯಾಂಕಿಗೂ ಕಾಫಿ ವ್ಯಾಪಾರಿಯ ಬಳಿಗೂ ಕಾರಿನಲ್ಲಿ ಹೋಗಿಬರುವುದು. ಅಜ್ಜನ ಕಾಲದಿಂದ ಹೆಚ್ಚೇನೂ ಬದಲಾಗದೆ ಬಂದದ್ದು ತಟ್ಟೆ: ಬೆಳಿಗ್ಗೆ ಅಕ್ಕಿರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಜೊತೆಗೆ ಹೊಸದಾಗಿ ಸೇರಿದ್ದು ಬೇಕರಿ.

ಆ ತಟ್ಟೆಯಲ್ಲಿ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ವಯಸ್ಕರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ. ಆರೋಗ್ಯವಂತರ ಖಾಲಿ ಹೊಟ್ಟೆಯಲ್ಲಿ ಅಷ್ಟೂ ರಕ್ತದಲ್ಲಿ ಕರಗಿರುವ ಗ್ಲುಕೋಸ್ ನಾಲ್ಕೂವರೆ ಐದು ಗ್ರಾಂ, ಅಂದರೆ ಒಂದು ಟೀ ಚಮಚ. ತಟ್ಟೆಯಗಲದ ಎರಡು ಅಕ್ಕಿರೊಟ್ಟಿಗೆ ನೂರು ಗ್ರಾಂ ಹಿಟ್ಟು ಹಿಡಿದರೂ ಅದರಲ್ಲಿ ಸುಮಾರು ಎಂಬತ್ತು ಗ್ರಾಂ ಪಿಷ್ಟ. ಒಂದೆರಡು ಗಂಟೆಯೊಳಗೆ ಅದೆಲ್ಲ ಗ್ಲುಕೋಸ್ ಆಗಿ ಒಂದು ಚಮಚದಷ್ಟೇ ಜಾಗವಿರುವ ರಕ್ತಕ್ಕೆ ಹದಿನಾರು ಚಮಚದಷ್ಟು ಬಂದು ಬೀಳುತ್ತದೆ. ಆದರೂ ಆರೋಗ್ಯವಂತರಲ್ಲಿ ಮಟ್ಟ 140 ದಾಟದಂತೆ ನೋಡಿಕೊಳ್ಳುವುದು ಮೇದೋಜೀರಕದ ಇನ್ಸುಲಿನ್. ಬಂದ ಗ್ಲುಕೋಸನ್ನು ಅದು ಸಾಗಹಾಕುವ ಗೋದಾಮುಗಳು ಮುಖ್ಯವಾಗಿ ಎರಡು. ಯಕೃತ್ತು ಚಿಕ್ಕದು, ಅಲ್ಲಿ ಹಿಡಿಸುವುದು ಸುಮಾರು ನೂರು ಗ್ರಾಂ. ಸ್ನಾಯುಗಳು ದೊಡ್ಡವು, ನಾನೂರು ಗ್ರಾಂನಷ್ಟು.

ಗೋದಾಮು ದೊಡ್ಡದಿದ್ದರೆ ಸಾಲದು, ಅದು ಖಾಲಿಯೂ ಆಗಬೇಕು. ಗುಡ್ಡ ಹತ್ತಿದ ತೊಡೆಯ ಸ್ನಾಯು ತನ್ನ ದಾಸ್ತಾನು ಸುಟ್ಟುಕೊಂಡು ಮುಂದಿನ ಊಟಕ್ಕೆ ಜಾಗ ಮಾಡಿರುತ್ತದೆ. ಇನ್ನೂ ಒಂದು ಚಮತ್ಕಾರವಿದೆ. ಗ್ಲುಕೋಸನ್ನು ಒಳಕ್ಕೆ ಬಿಟ್ಟುಕೊಳ್ಳುವ ‘ಗ್ಲೂಟ್-4’ ಎಂಬ ಪ್ರೋಟೀನು ಬಾಗಿಲುಗಳು ಸಾಮಾನ್ಯವಾಗಿ ಸ್ನಾಯುಕೋಶದೊಳಗೆ ಮಡಚಿ ಕೂತಿರುತ್ತವೆ. ಇನ್ಸುಲಿನ್ ಬಂದು ಕರೆದಾಗ ಅವು ಕೋಶದ ಗೋಡೆಗೆ ಬಂದು ತೆರೆದುಕೊಳ್ಳುತ್ತವೆ. ಸ್ನಾಯು ತಾನೇ ಕೆಲಸ ಮಾಡುತ್ತಿದ್ದರೆ ಇನ್ಸುಲಿನ್ನಿನ ಕರೆಗೆ ಕಾಯದೆಯೂ ಅವು ಗೋಡೆಗೆ ಬರುತ್ತವೆ. ಇನ್ಸುಲಿನ್ನಿನ ಮಾತು ಕೇಳದಷ್ಟು ಜಡ್ಡುಗಟ್ಟಿದ ಮೈಯಲ್ಲೂ ನಡಿಗೆಯ ಮಾತು ನಡೆಯುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ಅಡ್ಡಾಡಿದರೂ ಸಕ್ಕರೆಯ ಏರಿಕೆ ತಗ್ಗುವುದು ಇದರಿಂದಲೇ.

ಬೈಕಿನಲ್ಲಿ ತೋಟ ಸುತ್ತುವವನ ಸ್ನಾಯುಗೋದಾಮು ಖಾಲಿಯಾಗುವುದೇ ಇಲ್ಲ. ತುಂಬಿದ ಗೋದಾಮಿನ ಬಾಗಿಲಿಗೆ ಮತ್ತೆ ಎಂಬತ್ತು ಗ್ರಾಂ ಬಂದು ನಿಂತಾಗ ಯಕೃತ್ತು ಅದನ್ನು ಕೊಬ್ಬಾಗಿ ಪರಿವರ್ತಿಸುತ್ತದೆ. ಕೊಬ್ಬು ಮೊದಲು ಯಕೃತ್ತಿನಲ್ಲೇ ತುಂಬಿಕೊಂಡು ‘ಫ್ಯಾಟಿ ಲಿವರ್’ ಆಗುತ್ತದೆ. ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಈ ಪದ ಓದಿ ಬೆಚ್ಚಿದವರು ಪ್ರತಿ ಊರಲ್ಲೂ ಸಿಗುತ್ತಾರೆ. ಕರುಳಿನ ಸುತ್ತಲೂ ಕೊಬ್ಬು ಕೂರುತ್ತದೆ, ಮೇದೋಜೀರಕವನ್ನೂ ಬಿಡುವುದಿಲ್ಲ. ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್ನಿನ ಮಾತು ಕೇಳದೆ ರಾತ್ರಿಯಿಡೀ ತಾನೂ ಗ್ಲುಕೋಸ್ ಬಿಡುಗಡೆ ಮಾಡುತ್ತಿರುತ್ತದೆ. ರಾತ್ರಿ ಊಟ ಬಿಟ್ಟರೂ ಬೆಳಗಿನ ಶುಗರ್ ಏಕೆ ಜಾಸ್ತಿ ಎಂದು ಕೆಲವರು ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ಬೀಟಾ ಕೋಶಗಳು ಇನ್ನಷ್ಟು ಇನ್ಸುಲಿನ್ ಸುರಿದು ವರ್ಷಗಟ್ಟಲೆ ಹೇಗೋ ಸರಿದೂಗಿಸುತ್ತವೆ. ಚೀಟಿಯಲ್ಲಿ ಎಲ್ಲವೂ ನಾರ್ಮಲ್ ಎಂದು ಬರುವ ಕಾಲ ಅದು. ಅವು ದಣಿದು ಸಾಯತೊಡಗಿದ ಮೇಲೆ ಅಂಕಿ ಏರುತ್ತದೆ.

‘ಅವ್ರು ತೆಳ್ಳಗಿದಾರೆ, ಅವ್ರಿಗೇನು ಶುಗರ್’ ಎನ್ನುವ ಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಕ್ಕಪಕ್ಕ ನಿಂತ ಇಬ್ಬರು ವಿಜ್ಞಾನಿಗಳ ಒಂದು ಚಿತ್ರ ಅಚ್ಚಾಯಿತು. ಒಬ್ಬರು ಪುಣೆಯ ಸಿ.ಎಸ್. ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಎತ್ತರಕ್ಕೆ ತೂಕ ಹೋಲಿಸುವ ಬಿ.ಎಂ.ಐ. ಇಬ್ಬರದೂ 22.3. ಯಾವ ಪಟ್ಟಿಯಲ್ಲೂ ದಪ್ಪಗಿನವರಲ್ಲ. ಕೊಬ್ಬಿನ ಪ್ರಮಾಣ ಅಳೆದಾಗ ಯುಡ್ಕಿನ್ ಮೈಯಲ್ಲಿ ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಭಾರತೀಯರ ಮೈ ನೋಡಲು ಸಣ್ಣ, ಒಳಗೆ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಗೋದಾಮೇ ಚಿಕ್ಕದು. ಇದು ಹುಟ್ಟಿನಿಂದಲೇ ಬರುತ್ತದೆ ಎಂಬುದನ್ನೂ ಯಾಜ್ಞಿಕ್ ತಂಡ ತೋರಿಸಿತ್ತು. ಪುಣೆ ಬಳಿಯ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳದು 3.5 ಕಿಲೋ. ಸ್ನಾಯು, ಒಳಾಂಗಗಳೆಲ್ಲ ಪುಣೆಯ ಕೂಸುಗಳಲ್ಲಿ ಚಿಕ್ಕವು. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚೇನೂ ಕಡಿಮೆಯಿರಲಿಲ್ಲ.

ಕರ್ನಾಟಕದ್ದೇ ಆದ ಸಾಕ್ಷ್ಯ ಮೈಸೂರಿನಲ್ಲಿದೆ, ಅದೂ ಹಳೆಯ ದಾಖಲೆ ಪುಸ್ತಕಗಳಲ್ಲಿ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟುಕೊಂಡಿತ್ತು. ಅರ್ಧ ಶತಮಾನದ ಮೇಲೆ ಆ ಪುಟಗಳಿಗೆ ಬೆಲೆ ಬಂತು. ಬ್ರಿಟಿಷ್ ವೈದ್ಯೆ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು 1934ರಿಂದ 1953ರವರೆಗೆ ಅಲ್ಲಿ ಹುಟ್ಟಿ, ಊರಲ್ಲೇ ಉಳಿದಿದ್ದ 506 ಮಂದಿಯನ್ನು ಹುಡುಕಿ ಪರೀಕ್ಷಿಸಿ 1998ರಲ್ಲಿ ವರದಿ ಪ್ರಕಟಿಸಿದರು. ಬ್ರಿಟನ್ನಿನಲ್ಲಿ ಕಡಿಮೆ ತೂಕದ ಕೂಸುಗಳೇ ಮುಂದೆ ಸಕ್ಕರೆ ಕಾಯಿಲೆಗೆ ಬಿದ್ದಿದ್ದವು. ಮೈಸೂರಿನಲ್ಲಿ ಕಂಡದ್ದು ಬೇರೆ: ಉದ್ದ ಕಡಿಮೆ, ಆ ಉದ್ದಕ್ಕೆ ಮೈ ತುಸು ಗುಂಡಗೆ ಇದ್ದ ಕೂಸುಗಳಿಗೆ ಅಪಾಯ ಹೆಚ್ಚು, ಅವರ ತಾಯಂದಿರ ತೂಕವೂ ಹೆಚ್ಚು. ತಾಯಿಯ ರಕ್ತದ ಸಕ್ಕರೆ ಗರ್ಭದಲ್ಲೇ ಕೂಸಿಗೆ ಕೊಬ್ಬು ತುಂಬಿಸುತ್ತಿದೆಯೇ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರಿಂದ ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ ಜಿ.ವಿ. ಕೃಷ್ಣವೇಣಿ ಮತ್ತಿತರರು ಆ ಮಕ್ಕಳ ಬೆನ್ನು ಹತ್ತಿದರು. ಬಸಿರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದು ವರ್ಷಕ್ಕೇ ಕೊಬ್ಬೂ ಇನ್ಸುಲಿನ್ನೂ ಹೆಚ್ಚಾಗಿದ್ದವು. ‘ನಮ್ಮ ಮನೆತನಕ್ಕೇ ಇದೆ’ ಎಂಬ ಮಾತಿನಲ್ಲಿ ಜೀನುಗಳ ಪಾಲಿನ ಜೊತೆಗೆ ಬಸಿರಿನ ಈ ಪಾಲೂ ಸೇರಿದೆ. ಬಸಿರಿನಲ್ಲಿ ಶುಗರ್ ಬಂದು ಹೆರಿಗೆಯ ಮೇಲೆ ಹೋಯಿತು ಎಂದು ಮರೆತುಬಿಟ್ಟ ಹೆಂಗಸರು ನಡುವಯಸ್ಸಿನಲ್ಲಿ ಎಲ್ಲರಿಗಿಂತ ಮೊದಲು ಪರೀಕ್ಷೆ ಮಾಡಿಸಬೇಕಾದವರು.

ಇಡೀ ದೇಶದ ಚಿತ್ರ ಕೊಟ್ಟದ್ದು ಐ.ಸಿ.ಎಂ.ಆರ್.-ಇಂಡಿಯಾಬ್ ಸಮೀಕ್ಷೆ. 2008ರಿಂದ 2020ರವರೆಗೆ 1,13,043 ಮಂದಿಯನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟವಾದ ಅದರ ಪ್ರಕಾರ ವಯಸ್ಕರಲ್ಲಿ ಶೇ 11.4ರಷ್ಟು ಜನಕ್ಕೆ ಸಕ್ಕರೆ ಕಾಯಿಲೆ, ಶೇ 15.3ರಷ್ಟು ಜನಕ್ಕೆ ಅದರ ಹಿಂದಿನ ಹಂತ. ಈ ಹಿಂದಿನ ಹಂತವನ್ನೇ ಜನ ‘ಬಾರ್ಡರಲ್ಲಿದೆ’ ಎನ್ನುವುದು. ಗಡಿಯಲ್ಲಿ ನಿಂತವರಿಗೆ ಇನ್ನೂ ಆಚೆಗೆ ಹೋಗಿಲ್ಲ ಎಂಬ ಸಮಾಧಾನ. ಹಿಂದಕ್ಕೆ ಬರಲು ದಾರಿ ಸುಲಭವಾಗಿರುವುದೂ ಅಲ್ಲಿಂದಲೇ ಎಂಬುದನ್ನು ಹೇಳುವವರು ಕಡಿಮೆ.

ಅಪಾಯ ಎಷ್ಟಿದೆ ಎಂದು ಸೂಜಿ ಚುಚ್ಚದೆಯೂ ಅಂದಾಜು ಮಾಡಬಹುದು. ಚೆನ್ನೈನ ವಿ. ಮೋಹನ್ ತಂಡ 2005ರಲ್ಲಿ ರೂಪಿಸಿದ ಭಾರತೀಯ ಮಧುಮೇಹ ಅಪಾಯಾಂಕಕ್ಕೆ ಬೇಕಾದದ್ದು ದರ್ಜಿಯ ಟೇಪು ಮತ್ತು ಮೂರು ಪ್ರಶ್ನೆ. ವಯಸ್ಸು 35ರಿಂದ 49 ಆಗಿದ್ದರೆ 20 ಅಂಕ, 50 ಆದರೆ 30. ಗಂಡಸರ ಸೊಂಟ 90 ಸೆಂಟಿಮೀಟರ್ ಮುಟ್ಟಿದರೆ 10, ನೂರು ಮುಟ್ಟಿದರೆ 20. ಹೆಂಗಸರಿಗೆ ಈ ಗಡಿಗಳು 80 ಮತ್ತು 90. ಮೈಬಗ್ಗಿಸುವ ಕೆಲಸವೂ ಇಲ್ಲ, ವ್ಯಾಯಾಮವೂ ಇಲ್ಲ ಎಂದರೆ 30, ಎರಡರಲ್ಲಿ ಒಂದಿದ್ದರೆ 20, ಎರಡೂ ಇದ್ದರೆ ಸೊನ್ನೆ. ತಂದೆ ತಾಯಿಯರಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಅಥವಾ ಮೇಲೆ ಬಂದರೆ ಅಪಾಯ ಹೆಚ್ಚು.

ಮೇಲೆ ಊಹಿಸಿದ ಬೆಳೆಗಾರನ ಸೊಂಟ 97, ಅಮ್ಮನಿಗೆ ಶುಗರ್ ಇದೆ ಎಂದಿಟ್ಟುಕೊಂಡರೆ ಲೆಕ್ಕ 20, 10, 30, 10, ಒಟ್ಟು 70. ವಯಸ್ಸನ್ನೂ ಅಮ್ಮನನ್ನೂ ಬದಲಿಸಲಾಗದು. ದಿನವೂ ನಡೆಯತೊಡಗಿದರೆ 60ಕ್ಕೆ ಬರುತ್ತದೆ, ಸೊಂಟ 90ರ ಕೆಳಗಿಳಿದರೆ 50ಕ್ಕೆ. ಅದೇ ತೋಟದಲ್ಲಿ ಹಣ್ಣು ಕೊಯ್ಯುವ ಅದೇ ವಯಸ್ಸಿನ ಹೆಂಗಸಿನ ಸೊಂಟ 78 ಇದ್ದು ಮನೆಯಲ್ಲಿ ಯಾರಿಗೂ ಕಾಯಿಲೆ ಇಲ್ಲದಿದ್ದರೂ 40 ಬರುತ್ತದೆ. ಆಕೆಯದು ಮಧ್ಯಮ ಅಪಾಯ. ‘ಕೂಲಿ ಮಾಡುವವರಿಗೆ ಶುಗರ್ ಬರಲ್ಲ’ ಎನ್ನುವವರು ಈ ನಲವತ್ತನ್ನು ನೋಡಬೇಕು. ಟೇಪು ಹಿಡಿಯುವುದಕ್ಕೂ ಕ್ರಮವಿದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ, ಬರಿಮೈ ಮೇಲೆ ಅಳೆಯಬೇಕು. ಪ್ಯಾಂಟಿನ ಅಳತೆ ನಂಬುವಂತಿಲ್ಲ. ಹೊಟ್ಟೆ ಬೆಳೆದ ಹಾಗೆ ಬೆಲ್ಟು ಅದರಡಿಗೆ ಜಾರುತ್ತದೆ, ಕಾಲೇಜಿನ ದಿನಗಳ ಮೂವತ್ನಾಲ್ಕೇ ಇನ್ನೂ ಉಳಿದಿದೆ ಎಂಬ ಭ್ರಮೆಯನ್ನೂ ಉಳಿಸುತ್ತದೆ.

ಕನ್ನಡಿಯೂ ಒಂದು ಗುರುತು ಕೊಡುತ್ತದೆ. ಕತ್ತಿನ ಹಿಂಬದಿಯಲ್ಲಿ, ಕಂಕುಳಲ್ಲಿ ಚರ್ಮ ಕಪ್ಪಾಗಿ ವೆಲ್ವೆಟ್ಟಿನಂತೆ ದಪ್ಪವಾಗುವುದು, ಅಲ್ಲೇ ಸಣ್ಣ ಸಣ್ಣ ನರುಳಿಗಳೇಳುವುದು. ಕೊಳೆಯೆಂದು ತಿಕ್ಕಿ ತಿಕ್ಕಿ ತೊಳೆಯುವವರಿದ್ದಾರೆ. ರಕ್ತದಲ್ಲಿ ಹೆಚ್ಚಾದ ಇನ್ಸುಲಿನ್ ಚರ್ಮದ ಕೋಶಗಳನ್ನು ಬೆಳೆಸುವುದರಿಂದ ಆದ ಬಣ್ಣ ಅದು. ಸೋಪಿಗೆ ಹೋಗುವುದಿಲ್ಲ, ಸೊಂಟ ಇಳಿದರೆ ಎಷ್ಟೋ ತಿಳಿಯಾಗುತ್ತದೆ.

ಕಾಫಿ ಸೀಮೆಯಲ್ಲಿ ಕುತ್ತಿಗೆಯ ಕಪ್ಪಿಗಿಂತ ಲೋಟದ ಕಪ್ಪಿನ ಬಗ್ಗೆ ಹೆಚ್ಚು ವಿಚಾರಣೆ ನಡೆಯುತ್ತದೆ. ಕಾಫಿಯ ಪರವಾಗಿ ವಿಜ್ಞಾನ ಹೇಳುವುದು ಸಾಕಷ್ಟಿದೆ. 2002ರಲ್ಲಿ ನೆದರ್ಲೆಂಡಿನ 17,111 ಮಂದಿಯ ಅಧ್ಯಯನದಲ್ಲಿ ದಿನಕ್ಕೆ ಏಳು ಕಪ್ಪಿಗಿಂತ ಕಡಿಮೆಯಿಲ್ಲದೆ ಕುಡಿಯುವವರಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಎರಡು ಕಪ್ಪು ಅಥವಾ ಕಡಿಮೆ ಕುಡಿಯುವವರದರ ಅರ್ಧದಷ್ಟಿತ್ತು. ಆಮೇಲೆ ಬಂದ ಅನೇಕ ಅಧ್ಯಯನಗಳೂ ಅದೇ ದಿಕ್ಕಿಗೆ ಕೈ ತೋರಿಸಿವೆ. ಕೆಫೀನ್ ತೆಗೆದ ಕಾಫಿಗೂ ಈ ಗುಣ ಕಂಡದ್ದರಿಂದ ಅನುಮಾನ ಕ್ಲೋರೊಜೆನಿಕ್ ಆಮ್ಲದಂಥ ಬೇರೆ ಘಟಕಗಳ ಮೇಲೆ ಹೋಗಿದೆ. ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಅದು ಹೆಚ್ಚು. ಬೆಳೆಗಾರರಿಗೆ ಖುಷಿ ಕೊಡುವ ಸುದ್ದಿ ನಿಜ, ಆದರೆ ಕುಡಿಯುವವರನ್ನೂ ಕುಡಿಯದವರನ್ನೂ ಹೋಲಿಸಿದ ಮಾತ್ರಕ್ಕೆ ಕಾಫಿಯೇ ಕಾಪಾಡಿತು ಎಂದು ಸಾಬೀತಾಗುವುದಿಲ್ಲ. ಡಚ್ಚರ ಕಪ್ಪೂ ಆಲ್ದೂರಿನ ಲೋಟವೂ ಒಂದೇ ಅಲ್ಲ. ಎರಡು ಚಮಚ ಸಕ್ಕರೆಯ ಐದು ಲೋಟ ಎಂದರೆ ನಲವತ್ತರಿಂದ ಐವತ್ತು ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದ ಆದರ್ಶ ಮಿತಿ ಸುಮಾರು 25 ಗ್ರಾಂ. ‘ನಾವು ಬೆಲ್ಲದ ಕಾಫಿ ಕುಡಿಯೋದು’ ಎಂಬ ಸಮಜಾಯಿಷಿಯೂ ನಿಲ್ಲುವುದಿಲ್ಲ. ಬೆಲ್ಲದ ಬಹುಪಾಲು ಅದೇ ಸುಕ್ರೋಸ್, ತುಸು ಖನಿಜಾಂಶ ಮಾತ್ರ ಹೆಚ್ಚು. ಜೇನಿಗೂ ರಿಯಾಯಿತಿ ಇಲ್ಲ.

ಅನ್ನದ ಪ್ರಶ್ನೆ ಇನ್ನೂ ದೊಡ್ಡದು. 21 ದೇಶಗಳ 1.32 ಲಕ್ಷ ಮಂದಿಯನ್ನು ಹಿಂಬಾಲಿಸಿ 2020ರಲ್ಲಿ ಬಂದ ‘ಪ್ಯೂರ್’ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರ ಪೈಕಿ ದಿನಕ್ಕೆ 450 ಗ್ರಾಂ ಅಥವಾ ಹೆಚ್ಚು ಬಿಳಿ ಅನ್ನ ಉಣ್ಣುವವರಿಗೆ 150 ಗ್ರಾಂ ಒಳಗಿನವರಿಗಿಂತ ಕಾಯಿಲೆಯ ಅಪಾಯ ಶೇ 61ರಷ್ಟು ಹೆಚ್ಚಿತ್ತು. ಘಟ್ಟದ ಕೆಳಗಿನವರ ಕುಚ್ಚಲಕ್ಕಿ ಬೆಳ್ತಿಗೆಗಿಂತ ಸ್ವಲ್ಪ ನಿಧಾನವಾಗಿ ಸಕ್ಕರೆಯಾಗುತ್ತದೆ. ಬಯಲುಸೀಮೆಯಿಂದ ಬಂದ ರಾಗಿಮುದ್ದೆಯ ಮೇಲೆ ಅತಿ ಭರವಸೆ ಬೇಡ. ನಾರು, ಸುಣ್ಣದಂಶ ಹೆಚ್ಚಿದ್ದರೂ ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ಸಕ್ಕರೆಯನ್ನು ಅನ್ನದಂತೆಯೇ ಏರಿಸಬಲ್ಲದು. ಮಲೆನಾಡಿನ ಅಡಿಗೆಮನೆಯಲ್ಲಿ ಪರಿಹಾರವೂ ಇದೆ: ಹುರುಳಿಸಾರು, ಕಳಲೆ ಪಲ್ಯ, ಕೆಸ, ಹಾಗಲ, ಮೀನು, ಮೊಟ್ಟೆ. ಇವು ತಟ್ಟೆಯ ಅಂಚಿನಲ್ಲಿ ನೆಂಚಿಕೊಳ್ಳಲು ಕೂತಿರುತ್ತವೆ, ನಡುವೆ ಅನ್ನದ ಗುಡ್ಡ. ಇವನ್ನೇ ಮೊದಲು, ಹೆಚ್ಚಾಗಿ ತಿಂದು ಅನ್ನವನ್ನು ಆಮೇಲೆ ಕಡಿಮೆ ಉಂಡರೆ ಊಟದ ನಂತರದ ಏರಿಕೆ ಕಡಿಮೆಯಾಗುತ್ತದೆ.

ಉಳಿದ ಚಟಗಳ ಪಟ್ಟಿ ಎಲ್ಲರಿಗೂ ಗೊತ್ತಿರುವುದೇ. ಬೀಡಿ ಸಿಗರೇಟು ಸೇದುವವರಿಗೆ ಈ ಕಾಯಿಲೆಯ ಅಪಾಯ ಶೇ 30ರಿಂದ 40ರಷ್ಟು ಹೆಚ್ಚು. ಶ್ವಾಸಕೋಶದ ಕಾಯಿಲೆ ಎಂದಷ್ಟೇ ಹೆದರುವವರಿಗೆ ಇದು ಹೊಸದು. ಜೂನಿನಿಂದ ಮಳೆ ಹಿಡಿದರೆ ತೋಟಕ್ಕಿಳಿಯುವುದು ಕಡಿಮೆಯಾಗಿ, ಸಂಜೆಯ ಗ್ಲಾಸು ಮತ್ತು ಅದರ ಜೊತೆಗಿನ ಕರಿದದ್ದು ಹೆಚ್ಚಾಗುತ್ತವೆ. ನಿದ್ದೆಯನ್ನು ಮಾತ್ರ ಯಾರೂ ಚಟಗಳ ಲೆಕ್ಕಕ್ಕೆ ಹಿಡಿಯುವುದಿಲ್ಲ. ಷಿಕಾಗೋದಲ್ಲಿ ಹನ್ನೊಂದು ಮಂದಿ ಆರೋಗ್ಯವಂತ ಯುವಕರನ್ನು ಆರು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟಾಗ ಅವರ ಮೈ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕುಸಿಯಿತೆಂದು 1999ರಲ್ಲಿ ವರದಿಯಾಯಿತು. ಕಾಫಿ ರೇಟಿನ ಚಿಂತೆ, ಮಗಳ ಫೀಸಿನ ಚಿಂತೆ, ಶುಗರ್ ಬಂದಿರಬಹುದೆಂಬ ಚಿಂತೆ, ಯಾವುದೇ ಆಗಲಿ, ಅದು ಏರಿಸುವ ಕಾರ್ಟಿಸಾಲ್ ಕೂಡ ಯಕೃತ್ತಿನಿಂದ ಗ್ಲುಕೋಸ್ ಹೊರಡಿಸುತ್ತದೆ.

ಚಿಂತೆಗೆ ಮನೆಮದ್ದಾಗಿ ಮಲೆನಾಡಿನ ಎಷ್ಟೋ ಮನೆಗಳ ಮೆಟ್ಟಿಲ ಬಳಿ ‘ಇನ್ಸುಲಿನ್ ಗಿಡ’ದ ಕುಂಡವಿದೆ. ಸುರುಳಿಯಾಗಿ ಬೆಳೆಯುವ ಕಾಸ್ಟಸ್ ಜಾತಿಯ ಗಿಡ, ಎಲೆ ಹುಳಿ. ಅದರಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಪ್ರಯೋಜನವಿರಲಿಲ್ಲ, ಇನ್ಸುಲಿನ್ ಒಂದು ಪ್ರೋಟೀನು, ತಿಂದರೆ ಬೇಳೆಯ ಹಾಗೆ ಜೀರ್ಣವಾಗಿ ಹೋಗುತ್ತದೆ. ಮಧುನಾಶಿನಿಯ ಎಲೆ ಅಗಿದರೆ ನಾಲಿಗೆಗೆ ಸ್ವಲ್ಪ ಹೊತ್ತು ಸಕ್ಕರೆಯ ಸಿಹಿಯೇ ತಿಳಿಯುವುದಿಲ್ಲ ಎಂಬುದು ನಿಜವಾದ, ಮಜವಾದ ಸಂಗತಿ. ಇಂಥ ಎಲೆಗಳನ್ನು ಕುರಿತ ಪ್ರಯೋಗಗಳು ನಡೆದಿವೆ, ಗುಳಿಗೆಯ ಬದಲಿಗೆ ನಿಲ್ಲುವಷ್ಟು ಗಟ್ಟಿ ಸಾಕ್ಷ್ಯ ಬಂದಿಲ್ಲ. ಅಪಾಯವಿರುವುದು ಎಲೆ ತಿನ್ನುವುದರಲ್ಲಿ ಅಲ್ಲ, ತಿಂದೆನೆಂದು ಪರೀಕ್ಷೆಯನ್ನು ಮುಂದೂಡುವುದರಲ್ಲಿ. ಗಿಡವೇ ಬೇಕೆನ್ನುವವರಿಗೆ ಮೆಟ್‌ಫಾರ್ಮಿನ್ ಇದೆ. ಯುರೋಪಿನ ಗ್ಯಾಲಿಗಾ ಎಂಬ ಗಿಡದ ರಾಸಾಯನಿಕದ ಎಳೆ ಹಿಡಿದು ಹೋಗಿ ಸಿಕ್ಕ ಔಷಧ ಅದು. 1957ರಲ್ಲಿ ಪ್ಯಾರಿಸ್ಸಿನ ಜಾನ್ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದ.

ಬಾರ್ಡರಿನಲ್ಲಿರುವವರನ್ನು ಹಿಂದಕ್ಕೆ ತರಬಹುದೇ ಎಂಬುದನ್ನು ಭಾರತದಲ್ಲೇ ಪರೀಕ್ಷಿಸಲಾಗಿದೆ. ಚೆನ್ನೈನ ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 531 ಮಂದಿ ಇದ್ದರು, ಸರಾಸರಿ ವಯಸ್ಸು 46ರ ಹತ್ತಿರ. ವಿಶೇಷ ಸಲಹೆ ಕೊಡದೆ ಬಿಟ್ಟ ಗುಂಪಿನಲ್ಲಿ ಮೂರು ವರ್ಷಕ್ಕೆ ಶೇ 55ರಷ್ಟು ಮಂದಿ ಪೂರ್ಣ ಸಕ್ಕರೆ ಕಾಯಿಲೆಗೆ ಹೋದರು. ದಿನಕ್ಕೆ ಅರ್ಧ ಗಂಟೆಯ ನಡಿಗೆ, ಸಕ್ಕರೆ ಮತ್ತು ಎಣ್ಣೆಯಲ್ಲಿ ಹಿಡಿತ, ಇಷ್ಟನ್ನು ಪಾಲಿಸಿದವರಲ್ಲಿ ಶೇ 39.3. ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಶೇ 40.5. ಎರಡೂ ಸೇರಿಸಿದರೆ ಇನ್ನಷ್ಟು ಲಾಭ ಬರುತ್ತದೆಂಬ ನಿರೀಕ್ಷೆ ಸುಳ್ಳಾಯಿತು, ಅಲ್ಲೂ ಶೇ 39.5. ಅಮೆರಿಕ ಮತ್ತು ಫಿನ್ಲೆಂಡಿನ ಇಂಥದೇ ಪ್ರಯೋಗಗಳಲ್ಲಿ ಅಪಾಯ ಶೇ 58ರಷ್ಟು ಇಳಿದಿತ್ತು, ಇಲ್ಲಿ ಇಳಿದದ್ದು ಶೇ 28ರ ಆಸುಪಾಸು. ಭಾರತೀಯರ ಮೈ ಬೇಗ ಜಾರುತ್ತದೆ, ಹಿಡಿದು ನಿಲ್ಲಿಸುವುದು ಕಷ್ಟ. ಆದರೆ ಚೆನ್ನೈನವರ ತೂಕ ಹೇಳಿಕೊಳ್ಳುವಷ್ಟು ಇಳಿಯದೆಯೂ ಈ ಲಾಭ ಸಿಕ್ಕಿತ್ತು. ತೂಕದ ಯಂತ್ರದ ಮುಳ್ಳು ಅಲುಗಲಿಲ್ಲವೆಂದು ನಡಿಗೆ ಬಿಟ್ಟವರು ಮರಳಿ ಶುರುಮಾಡಲು ಇಷ್ಟು ಸಾಕು.

ಹಾಗೆ ಮಾಡದೆ ಹತ್ತು ವರ್ಷ ಕಳೆದವರ ಕಥೆ ಕಾಲಿನಲ್ಲಿ ಕಾಣುತ್ತದೆ. ಏರಿದ ಸಕ್ಕರೆ ಮೊದಲು ಕೆಡಿಸುವ ನರಗಳಲ್ಲಿ ಪಾದದ ನರಗಳೂ ಸೇರಿವೆ. ಮಳೆಗಾಲದ ಗಂಬೂಟಿನೊಳಗೆ ಒಂದು ಜಲ್ಲಿಕಲ್ಲು ಸೇರಿದರೆ ಆರೋಗ್ಯವಂತ ಹತ್ತು ಹೆಜ್ಜೆಯೊಳಗೆ ಬೂಟು ಬಿಚ್ಚಿ ಕೊಡವುತ್ತಾನೆ. ನರ ಸತ್ತ ಕಾಲಿನವನು ಸಂಜೆಯವರೆಗೆ ಅದರ ಮೇಲೇ ನಡೆದು, ಸಾಕ್ಸಿನ ರಕ್ತವನ್ನು ಇಂಬಳ ಕಚ್ಚಿದ್ದೆಂದುಕೊಳ್ಳುತ್ತಾನೆ. ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡಗಳಲ್ಲೂ ಇಂಥದೇ ಮೌನದ ಹಾನಿ ನಡೆದಿರುತ್ತದೆ.

ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಮೂವತ್ತು ದಾಟಿದವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಸಕ್ಕರೆ ಮತ್ತು ಬಿ.ಪಿ. ತಪಾಸಣೆ ಉಚಿತ. ಆಶಾ ಕಾರ್ಯಕರ್ತೆಯರು ಮನೆ ಮನೆಯಲ್ಲಿ ತುಂಬಿಸುವ ನಮೂನೆಯಲ್ಲಿ ಸೊಂಟದ ಅಳತೆಯೂ ಇದೆ. 2024ರಲ್ಲಿ ಕೋಲಾರದಲ್ಲಿ ಮೊದಲಾದ ರಾಜ್ಯದ ‘ಗೃಹ ಆರೋಗ್ಯ’ ಯೋಜನೆ ಇದನ್ನೇ ಮನೆಬಾಗಿಲಿಗೆ ತರುವ ಪ್ರಯತ್ನ. ಬೆರಳು ಚುಚ್ಚಿ ನೋಡುವ ಗ್ಲುಕೋಮೀಟರು ಸೋಸಿ ತೆಗೆಯಲು ಸಾಕು, ತೀರ್ಪಿಗೆ ಸಾಲದು. ಕಾಫಿ ಕೊಯ್ಲಿನ ಕಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಹಣ್ಣಿನ ಲೋಳೆಯಲ್ಲಿ ಗ್ಲುಕೋಸ್ ಇದೆ. ಕೊಯ್ದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಚುಚ್ಚಿದರೆ ಬೆರಳ ತುದಿಯ ಅಂಟು ರಕ್ತದ ಹನಿಗೆ ಬೆರೆತು ಅಂಕಿ ಸುಳ್ಳೇ ಏರುತ್ತದೆ. ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದರೆ ಅದು ಪೂರ್ತಿ ಹೋಗುವುದಿಲ್ಲ.

ತೀರ್ಪು ಕೊಡುವ ಪರೀಕ್ಷೆಗಳು ಮೂರು. ಎಂಟು ಗಂಟೆ ಖಾಲಿ ಹೊಟ್ಟೆಯ ನಂತರದ ಸಕ್ಕರೆ ನೂರರ ಕೆಳಗಿದ್ದರೆ ಸರಿ, 100ರಿಂದ 125 ಬಾರ್ಡರು, 126 ಮುಟ್ಟಿದರೆ ಕಾಯಿಲೆ. ಖಾಲಿ ಹೊಟ್ಟೆ ಎಂದರೆ ಬೆಳಗಿನ ಕಾಫಿಯೂ ಇಲ್ಲದೆ. ಕಾಫಿ ಸೀಮೆಯಲ್ಲಿ ಹೆಚ್ಚು ಕೆಡುವುದು ಈ ಪಥ್ಯವೇ. ಎಚ್.ಬಿ.ಎ1ಸಿ ಪರೀಕ್ಷೆಗೆ ಉಪವಾಸ ಬೇಡ. ಕೆಂಪು ರಕ್ತಕಣಗಳು ಬದುಕುವ ಸುಮಾರು 120 ದಿನಗಳಲ್ಲಿ ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಅಂಟಿದೆ ಎಂಬುದನ್ನು ಅದು ಹೇಳುತ್ತದೆ. 5.7ರೊಳಗೆ ಸರಿ, 6.4ರವರೆಗೆ ಬಾರ್ಡರು, 6.5ರಿಂದ ಕಾಯಿಲೆ. ಕಬ್ಬಿಣಾಂಶದ ಕೊರತೆಯ ರಕ್ತಹೀನತೆ ಇರುವವರಲ್ಲಿ ಈ ಅಂಕಿ ಇರುವುದಕ್ಕಿಂತ ಹೆಚ್ಚು ತೋರಬಹುದು, ಹಾಗಾಗಿ ಅಂಥವರಿಗೆ ಇದೊಂದನ್ನೇ ನಂಬುವಂತಿಲ್ಲ. ಲಕ್ಷಣಗಳಿಲ್ಲದವರಲ್ಲಿ ಯಾವುದೇ ಅಂಕಿ ಗಡಿ ದಾಟಿದರೂ ಇನ್ನೊಮ್ಮೆ ನೋಡಿ ಖಚಿತಪಡಿಸಿಕೊಳ್ಳುವುದು ಕ್ರಮ. ಎಲ್ಲ ಸರಿಯಿದ್ದವರು ಮೂರು ವರ್ಷಕ್ಕೊಮ್ಮೆ, ಬಾರ್ಡರಿನವರು ವರ್ಷಕ್ಕೊಮ್ಮೆ ಮತ್ತೆ ಬರಬೇಕು.

ಮೂರನೆಯದು ಹಳೆಯದು, ಬೇಸರದ್ದು, ಬೀಟಾ ಕೋಶಗಳು ದಣಿಯುತ್ತಿರುವುದನ್ನು ಬೇಗ ಹಿಡಿಯುವಂಥದು. ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಟ್ಟು, 75 ಗ್ರಾಂ ಗ್ಲುಕೋಸ್ ಕದಡಿದ ನೀರನ್ನು ಐದು ನಿಮಿಷದೊಳಗೆ ಕುಡಿದು, ಎರಡು ಗಂಟೆ ಬಿಟ್ಟು ಮತ್ತೆ ರಕ್ತ ಕೊಡಬೇಕು. ಆಗ 140ರ ಕೆಳಗಿದ್ದರೆ ಸರಿ, 200 ಮುಟ್ಟಿದರೆ ಕಾಯಿಲೆ, ನಡುವೆ ಬಾರ್ಡರು. ಆ ಎರಡು ಗಂಟೆ ಬೆಂಚಿನ ಮೇಲೆ ಕೂತೇ ಇರಬೇಕು. ಪೇಟೆ ಸುತ್ತಿ ಬರುತ್ತೇನೆಂದು ಎದ್ದು ಹೋಗುವಂತಿಲ್ಲ. ನಡೆದರೆ ತೊಡೆಯ ಸ್ನಾಯುಗಳು ಗ್ಲುಕೋಸನ್ನು ಎಳೆದುಕೊಂಡು, ಎರಡನೇ ಚೀಟಿಯಲ್ಲಿ ಇಲ್ಲದ ಆರೋಗ್ಯ ಬರೆದುಬಿಡುತ್ತವೆ.